ಮಿನೇಜಸ್ ಮನೆಯ ಗೋವಾ ಸೊಸೆ

ಫಳ್ನೀರಿನ ಮಿನೇಜಸ್ ಮನೆಗೆ ಸೊಸೆಯಾಗಿ ಬಂದ ಬೆನಿಟಾಳಿಗೆ ಹೆತ್ತವರು ಇಟ್ಟ ಹೆಸರು ಸೆರಪಿನಾ. ಗೋವಾದ ದೊಡ್ಡ ಮನೆತನದ ಹೆಣ್ಣೆಂದು ಊರೆಲ್ಲ ನಂಬಿದ್ದ ಅವಳು ಹುಟ್ಟಿದ್ದು ಬಿಜೈಯ ಗದ್ದೆಯಂಚಿನಲ್ಲಿದ್ದ ಒಂದು ಮುಳಿಹುಲ್ಲಿನ ಗುಡಿಸಲಿನಲ್ಲಿ. ಆ ಗುಡಿಸಲು ನಿಂತಿದ್ದ ಜಾಗವೂ ಮಿನೇಜಸ್‌ನವರದ್ದೇ.

ಅವಳ ಅಪ್ಪ ಆಂಬ್ರೋಸ್ ಬಾವಿ ತೋಡುವವನು. ಒಂದು ಬೇಸಿಗೆಯಲ್ಲಿ ಮಣ್ಣು ಜರಿದು, ತೋಡಿದ ಬಾವಿಯೊಳಗೇ ಸತ್ತ. ಅಮ್ಮ ಮೊನ್ನಿಯೂ ಅಕ್ಕ ಆಗ್ನೆಸಳೂ ಫಳ್ನೀರಿನ ದೊಡ್ಡ ಮನೆಗೆ ಹಿತ್ತಲಿನ ಕೆಲಸಕ್ಕೆ ಹೋಗುತ್ತಿದ್ದರು. ಭತ್ತ ಕುಟ್ಟುವುದು, ಹಟ್ಟಿ ಗುಡಿಸುವುದು, ತೆಂಗಿನ ಮಡಲು ಹೆಣೆಯುವುದು ಅವರ ಕೆಲಸ. ಎರಡು ಮನೆಯವರೂ ಕ್ರೈಸ್ತರೇ, ಹೋಗುವ ಇಗರ್ಜಿಯೂ ಒಂದೇ. ಆದರೆ ಮಿನೇಜಸ್‌ನವರು ಬಾಮಣ್, ಎಂದರೆ ಕ್ರೈಸ್ತರಾಗುವ ಮೊದಲು ನಾವು ಬ್ರಾಹ್ಮಣರಾಗಿದ್ದೆವೆಂದು ತಲೆಮಾರುಗಳಿಂದ ಹೇಳಿಕೊಂಡು ಬಂದವರು. ಇಗರ್ಜಿಯ ಮುಂದಿನ ಬೆಂಚು ಅವರದ್ದು. ಮೊನ್ನಿಯಂಥವರು ಹಿಂದೆ, ಬಾಗಿಲ ಹತ್ತಿರ, ನೆಲದ ಮೇಲೆ ಮೊಣಕಾಲೂರಬೇಕು.

ಮಂಗಳೂರಿಗೆ ರೈಲು ಬಂದು ನಾಲ್ಕೈದು ವರ್ಷವಾಗಿದ್ದ ಕಾಲ. ಆಗ್ನೆಸ್ ಹದಿನೆಂಟರ ಹುಡುಗಿ, ನೋಡಿದವರು ಇನ್ನೊಮ್ಮೆ ನೋಡುವಂತಿದ್ದಳು. ದೊಡ್ಡ ಮನೆಯ ಹಿರಿಮಗ ಮೊರಿಸ್ ಇನ್ನೊಮ್ಮೆ ನೋಡಿದ. ಮದುವೆಯಾಗುತ್ತೇನೆಂದು ಶಿಲುಬೆ ಮುಟ್ಟಿ ಹೇಳಿದನಂತೆ. ಆಗ್ನೆಸ್ ನಂಬಿದಳು. ಅವಳ ಹೊಟ್ಟೆ ಮುಚ್ಚಿಡಲಾಗದಷ್ಟು ಬೆಳೆದಾಗ ಮೊನ್ನಿ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿ ದೊಡ್ಡ ಮನೆಯ ಹಿಂದಿನ ಮೆಟ್ಟಿಲ ಕೆಳಗೆ ನಿಂತಳು. ಸೆರಪಿನಾಳಿಗೆ ಆಗ ಹನ್ನೆರಡೂ ತುಂಬಿರಲಿಲ್ಲ. ಜ್ವರ ಬಂದು ತಲೆ ಬೋಳಿಸಿದ್ದರು. ಅಮ್ಮನ ಸೀರೆಯ ಚುಂಗು ಹಿಡಿದು ನಿಂತ ಆ ಒಣಕಲು ಹುಡುಗಿಯನ್ನು ಯಾರೂ ಸರಿಯಾಗಿ ನೋಡಲಿಲ್ಲ.

ಮನೆಯ ಯಜಮಾನಿ ಆಪ್ಲಿನ್ ಬಾಯಿ ಬೀಗದ ಕೈ ಸಿಕ್ಕಿಸಿಕೊಂಡ ಸೊಂಟದ ಮೇಲೆ ಕೈಯಿಟ್ಟು ಮೇಲೆ ನಿಂತಿದ್ದಳು. ಗಂಡ ಹೋದ ಮೇಲೆ ಗದ್ದೆ, ತೋಟ, ಮಕ್ಕಳು ಎಲ್ಲ ಅವಳ ಬೆರಳ ತುದಿಯಲ್ಲೇ ನಡೆಯುತ್ತಿದ್ದ ಮನೆ ಅದು.

"ಬಾಯಮ್ಮ, ಇವಳಿಗೆ ದಿನ ತುಂಬ್ತಾ ಬಂತು," ಎಂದಳು ಮೊನ್ನಿ. "ಸಣ್ಣ ಧಣಿಗಳು ಮಾತು ಕೊಟ್ಟಿದ್ದಾರಂತೆ. ನೀವೇ ಒಂದು ದಾರಿ ಹೇಳ್ಬೇಕು."

ಆಪ್ಲಿನ್ ಬಾಯಿ ಮಗನನ್ನು ಕರೆದಳು. ಮೊರಿಸ್ ಬಾಗಿಲ ಮರೆಯಿಂದ ಅರ್ಧ ಮುಖ ತೋರಿಸಿದ.

"ಇದು ನಿನ್ನದಾ?"

"ನನಗೆ ಗೊತ್ತಿಲ್ಲ ಮಾಂಯ್," ಎಂದು ಅಮ್ಮನಿಗೆ ಹೇಳಿ ಅವನು ಒಳಗೆ ಹೋದ. ಆಗ್ನೆಸ್ ಆ ಬಾಗಿಲನ್ನೇ ನೋಡುತ್ತ ನಿಂತಳು. ಅಳಲೂ ಇಲ್ಲ.

"ಕೇಳಿದಿಯಲ್ಲ ಮೊನ್ನಿ. ನಮ್ಮ ರಕ್ತ ನಿಮ್ಮಂಥವರ ಹೊಟ್ಟೆಯಲ್ಲಿ ಹುಟ್ಟುವುದಿಲ್ಲ. ಎಲ್ಲಿ ಎಂತ ಮಾಡಿಕೊಂಡಳೋ, ಅದನ್ನು ತಂದು ನಮ್ಮ ಮೆಟ್ಟಿಲಿಗೆ ಹಾಕ್ಬೇಡಿ." ಹಾಗೆಂದವಳೇ ಹಿತ್ತಲಿನ ಆಳು ದೇಯಿಯನ್ನು ಕೂಗಿದಳು. "ದೇಯಿ, ಸೆಗಣಿ ನೀರು ತಾ. ಈ ಮೆಟ್ಟಿಲು ತೊಳಿ."

ಅವರು ಇನ್ನೂ ಅಂಗಳ ದಾಟಿರಲಿಲ್ಲ. ಹಿಂದೆ ದೇಯಿ ತಲೆ ತಗ್ಗಿಸಿ ಮೆಟ್ಟಿಲಿಗೆ ನೀರು ಹೊಯ್ಯುವ ಸದ್ದು ಸೆರಪಿನಾಳಿಗೆ ಕೇಳಿಸಿತು.

ಅದೇ ವಾರ ಆಪ್ಲಿನ್ ಬಾಯಿ ಕಳುಹಿಸಿದ ಆಳುಗಳು ಬಿಜೈಗೆ ಬಂದು ಗುಡಿಸಲಿನ ಮಾಡು ಕಿತ್ತುಹಾಕಿದರು. ಮಳೆಗಾಲ ಹಿಡಿದಿತ್ತು. ನೆರೆಯವರ ಗಾಡಿ ಕೊಟ್ಟಿಗೆಯಲ್ಲಿ ಆಗ್ನೆಸಳಿಗೆ ಹೆರಿಗೆ ನೋವು ಬಂತು. ಒಂದು ಹಗಲು, ಒಂದು ರಾತ್ರಿ ನರಳಿ, ಮಗುವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವಳು ಸತ್ತಳು. ಹೂಳುವಾಗಲೂ ದೊಡ್ಡ ಮನೆಯ ಮಾತೇ ನಡೆಯಿತು. ನಡತೆಗೆಟ್ಟವಳಿಗೆ ಶಿಲುಬೆ ಬೇಡವೆಂದು ಇಗರ್ಜಿಯ ಪರವಾಗಿ ವಾಳ್ಯ, ಎಂದರೆ ಕೇರಿ, ನೋಡಿಕೊಳ್ಳುವ ಗುರ್ಕಾರನ ಬಾಯಲ್ಲಿ ಹೇಳಿಸಿದರು. ಗುರುತೂ ಇಲ್ಲದೆ, ಇಗರ್ಜಿಯ ಗೋರಿಸ್ಥಳದ ಕಾಂಪೌಂಡಿನ ಮೂಲೆಯ ಒಂದು ಗೇರುಮರದ ಬುಡದಲ್ಲಿ ಅವಳನ್ನು ಮಣ್ಣು ಮಾಡಿದರು. ಕ್ರಿಸ್ಮಸ್ ಬರುವ ಮೊದಲೇ ಮೊನ್ನಿಯೂ ಹೋದಳು. ಮೊರಿಸನನ್ನು ಚಿಕ್ಕಮಗಳೂರಿನ ಕಾಫಿ ತೋಟವೊಂದರ ಕೆಲಸಕ್ಕೆ ಕಳುಹಿಸಿ, ದೊಡ್ಡ ಮನೆತನದ ಹೆಣ್ಣು ತಂದು ಮದುವೆ ಮಾಡಿದರು.

ಒಬ್ಬಂಟಿಯಾದ ಸೆರಪಿನಾಳನ್ನು ಬೊಂಬಾಯಿಗೆ ಆಯಾ ಕೆಲಸಕ್ಕೆ ಹೋಗುವ ಒಬ್ಬ ಹೆಂಗಸು ಜೊತೆಗೆ ಕರೆದುಕೊಂಡಳು. ಬಂದರಿನಲ್ಲಿ ಆಗಬೋಟು ಹತ್ತುವಾಗ ಹುಡುಗಿ ದೇವರಲ್ಲಿ ಬೇಡಿದ್ದು ಒಂದೇ: ದೊಡ್ಡ ಮನೆಯ ಆ ಆಪ್ಲಿನ್ ಬಾಯಿ ನಾನು ಹಿಂದೆ ಬರುವವರೆಗೆ ಬದುಕಿರಲಿ.

ಬೊಂಬಾಯಿಯ ಮಜಗಾಂವಿನಲ್ಲಿ ಎರ್ಮೆಲಿಂದಾ ಎಂಬ ಗೋವಾದ ವಿಧವೆಯೊಬ್ಬಳ ಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಆ ಮನೆಯಲ್ಲಿ ಹೆಚ್ಚುಕಡಿಮೆ ಅವಳದೇ ಪ್ರಾಯದ ಒಬ್ಬ ತಂಗಿಮಗಳಿದ್ದಳು, ಬೆನಿಟಾ ಎಂದು ಹೆಸರು. ಮಹಾಯುದ್ಧ ಮುಗಿಯುವ ವರ್ಷ ಊರಿಗೆ ಬಂದ ಜ್ವರದಲ್ಲಿ ಆ ಬೆನಿಟಾ ತೀರಿಹೋದಳು. ಎರ್ಮೆಲಿಂದಾಳಿಗೆ ಮೊದಲು ಕಣ್ಣು ಮಂಜಾಯಿತು, ಆಮೇಲೆ ನೆನಪು. ಒಂದು ದಿನ ಕಾಫಿ ತಂದುಕೊಟ್ಟ ಸೆರಪಿನಾಳ ಕೈ ಸವರಿ, "ಬೆನಿಟಾ, ಎಲ್ಲಿಗೆ ಹೋಗಿದ್ದಿ ಇಷ್ಟು ದಿನ?" ಎಂದು ಕೇಳಿದಳು. ಸೆರಪಿನಾ ಲೋಟವನ್ನು ಮುದುಕಿಯ ಕೈಗಿಟ್ಟಳು. ಆಮೇಲೆ, "ಇಲ್ಲೇ ಇದ್ದೆ," ಎಂದಳು.

ಅಂದಿನಿಂದ ಆ ಮನೆಯಲ್ಲಿ ಅವಳು ಬೆನಿಟಾ. ಮುದುಕಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಲಿಗೆ ಕಲಿಸಿದಳು, ಗೋವಾದ ಕೊಂಕಣಿಯ ರಾಗ ಕಲಿಸಿದಳು, ಪೋರ್ತುಗೀಸಿನ ಜಪಗಳನ್ನು ಹೇಳಿಕೊಟ್ಟಳು, ಮನೆತನದ ಹಿರಿಯರ ಹೆಸರುಗಳನ್ನು ಬಾಯಿಪಾಠ ಮಾಡಿಸಿದಳು. ಬೀದಿಗೆ ಹೊಸಬರಾಗಿ ಬಂದವರು, ಇಗರ್ಜಿಗೆ ಹೊಸದಾಗಿ ಬಂದ ಪಾದ್ರಿ, ಎಲ್ಲರಿಗೂ ಅವಳು ಎರ್ಮೆಲಿಂದಾಳ ತಂಗಿಮಗಳೇ ಆದಳು. ಮುದುಕಿ ಸಾಯುವಾಗ ಹೊಲಿಗೆ ಮಿಷಿನನ್ನೂ ತನ್ನ ಹವಳದ ಜಪಸರವನ್ನೂ ಅವಳಿಗೇ ಕೊಟ್ಟಳು. ಅತ್ತು ಮುಗಿಸಿದ ಮೇಲೆ ಸೆರಪಿನಾ ಕನ್ನಡಿಯ ಮುಂದೆ ನಿಂತಳು. ಕನ್ನಡಿಯೊಳಗಿದ್ದವಳು ಮಿನೇಜಸ್ ಮನೆಯ ಮುಂದಿನ ಮೆಟ್ಟಿಲು ಹತ್ತಬಲ್ಲವಳಾಗಿದ್ದಳು.

ಬೊಂಬಾಯಿ ಬಿಟ್ಟು ಬಂದಾಗ ಅವಳಿಗೆ ಇಪ್ಪತ್ತಾರು. ಫಳ್ನೀರಿನ ರಸ್ತೆಬದಿಯಲ್ಲಿ ಒಂದು ಮಾಳಿಗೆಯ ಕೋಣೆ ಹಿಡಿದು ಹೊಲಿಗೆಗೆ ಕುಳಿತಳು. ಕೈಯ ಹೊಲಿಗೆ ಚೆನ್ನಾಗಿತ್ತು, ನಾಲಗೆಯ ಕೊಂಕಣಿ ಅದಕ್ಕಿಂತ ಚೆನ್ನಾಗಿತ್ತು. ಊರಿನ ಕುಲೀನ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಅವಳು ಕಾಯುತ್ತಿದ್ದದ್ದು ಒಬ್ಬಳನ್ನೇ. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಜಟಕಾದಿಂದ ಆಪ್ಲಿನ್ ಬಾಯಿ ಇಳಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಮಾತ್ರ ಆಗಿನಂತೆಯೇ ನೆಟ್ಟಗೆ.

ರವಿಕೆಯ ಅಳತೆ ತೆಗೆಯಲು ಸೆರಪಿನಾ ಟೇಪನ್ನು ಅವಳ ಕೊರಳ ಸುತ್ತ ಹಿಡಿದಳು. ಟೇಪು ಇನ್ನೊಂದು ಸುತ್ತು ಬರುವಷ್ಟು ಉದ್ದವಿತ್ತು. ಆ ಯೋಚನೆ ಬಂದು ಹೋಯಿತು. ಬೇಡ, ಅಷ್ಟು ಸುಲಭಕ್ಕೆ ಬೇಡ ಎಂದುಕೊಂಡಳು.

"ನೀವು ಯಾವ ಪೈಕಿ ಮಗಾ?" ಎಂದು ಕೇಳಿದಳು ಮುದುಕಿ.

"ಗೋವಾದ ಸಾಷ್ಟಿಯವರು. ಬಾಮಣ್."

"ಮಾತು ಕೇಳುವಾಗಲೇ ಗೊತ್ತಾಯಿತು. ರಕ್ತ ಅಡಗಿ ಕೂರುವುದಿಲ್ಲ ನೋಡು."

"ಹೌದು ಬಾಯಿ," ಎಂದಳು ಸೆರಪಿನಾ. "ಅಡಗಿ ಕೂರುವುದಿಲ್ಲ."

ಹೊಲಿದ ರವಿಕೆಗಳನ್ನು ಒಯ್ಯಲು ಬಂದವನು ಕಿರಿಮಗ ಕಜೆಟನ್. ಅವನನ್ನು ಪಾದ್ರಿ ಮಾಡಬೇಕೆಂದು ಚಿಕ್ಕಂದಿನಲ್ಲೇ ಸೆಮಿನರಿಗೆ ಕಳುಹಿಸಿದ್ದರು. ಆಗ್ನೆಸಳ ಕತೆ ನಡೆಯುವಾಗ ಅವನು ಮನೆಯಲ್ಲಿರಲಿಲ್ಲ, ಅವನಿಗೆ ಯಾರೂ ಅದನ್ನು ಹೇಳಿಯೂ ಇರಲಿಲ್ಲ. ಆರೋಗ್ಯ ಕೆಟ್ಟು ಓದು ಅರ್ಧಕ್ಕೆ ಬಿಟ್ಟು ಬಂದವನು ಈಗ ಹುಡುಗರ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ. ಮಾತು ಕಡಿಮೆ, ನಗು ಹೆಚ್ಚು. ರವಿಕೆ ಸಿದ್ಧವಾಗಿದ್ದರೂ ಎರಡೆರಡು ಸಲ ಬರತೊಡಗಿದ.

ಮದುವೆಯ ಮಾತೆತ್ತಿದವಳು ಸ್ವತಃ ಆಪ್ಲಿನ್ ಬಾಯಿ. ಮೊರಿಸನಿಗೆ ಮದುವೆಯಾಗಿ ಹನ್ನೆರಡು ವರ್ಷ ದಾಟಿದರೂ ಮಕ್ಕಳಿರಲಿಲ್ಲ. ಕಜೆಟನನಿಗೆ ಅವಳ ಕಣ್ಣಿಗೆ ಹಿಡಿಸುವ ಮನೆತನ ಸಿಕ್ಕಿರಲಿಲ್ಲ. ಈಗ ಹಿರಿಯರು ಬಿಟ್ಟುಬಂದ ಗೋವಾದ ಹೆಣ್ಣೇ ಬಾಗಿಲಿಗೆ ಬಂದ ಹಾಗಾಗಿತ್ತು. ಮಜಗಾಂವಿನ ಪಾದ್ರಿಗೆ ಬರೆದು ವಿಚಾರಿಸಿದರು. ಆ ಪಾದ್ರಿ ತನಗೆ ತಿಳಿದದ್ದನ್ನೇ ಪ್ರಾಮಾಣಿಕವಾಗಿ ಬರೆದ: ಹುಡುಗಿ ಎರ್ಮೆಲಿಂದಾಳ ತಂಗಿಮಗಳು, ದೈವಭಕ್ತೆ, ಅನಾಥೆ.

ಸೆರಪಿನಾ ಈ ತಿರುವನ್ನು ಎಣಿಸಿರಲಿಲ್ಲ. ಆ ಮನೆಯ ಒಳಹೊಕ್ಕು, ಮರ್ಯಾದೆ ಮುರಿಯುವ ಸಂಧಿ ಯಾವುದೆಂದು ಹುಡುಕುವುದಷ್ಟೇ ಅವಳ ಆಲೋಚನೆಯಾಗಿತ್ತು. ಸಂಬಂಧದ ಮಾತು ಕೇಳಿದ ದಿನ ಅವಳಿಗೆ ಊಟ ಸೇರಲಿಲ್ಲ. ಕಜೆಟನ್ ಒಳ್ಳೆಯವನು, ಅದೇ ಅವಳಿಗೆ ದೊಡ್ಡ ತೊಡಕು. ಆದರೆ ಸೆಗಣಿ ನೀರು ಹೊಯ್ಯುವ ಸದ್ದು ಮತ್ತೆ ಮತ್ತೆ ಕಿವಿಯಲ್ಲಿ ಎದ್ದಿತು. ಮರುದಿನ, "ಹಿರಿಯರು ಹೇಳಿದ ಹಾಗೆ," ಎಂದು ಉತ್ತರ ಕಳುಹಿಸಿದಳು.

ಮದುವೆಯ ಮುನ್ನಾದಿನ ರೋಸ್ ಶಾಸ್ತ್ರ, ಎಂದರೆ ಮದುಮಗಳಿಗೆ ತೆಂಗಿನಹಾಲು ಹಚ್ಚಿ ಮೀಯಿಸುವುದು. ತವರಿಲ್ಲದ ಹೆಣ್ಣೆಂದು ಆಪ್ಲಿನ್ ಬಾಯಿಯೇ ತಾಯಿಯ ಸ್ಥಾನದಲ್ಲಿ ನಿಂತು ತೆಂಗಿನಹಾಲನ್ನು ಅವಳ ನೆತ್ತಿಗೆ, ಕೆನ್ನೆಗೆ, ಕೈಕಾಲಿಗೆ ಸವರಿದಳು. ಒಂದು ಕಾಲದಲ್ಲಿ ನೆರಳು ತಾಗಿದ್ದಕ್ಕೆ ಮೆಟ್ಟಿಲು ತೊಳೆಸಿದ ಕೈ ಈಗ ಅವಳ ಪಾದ ತಿಕ್ಕುತ್ತಿತ್ತು. ಸೆರಪಿನಾ ಕಣ್ಣು ಮುಚ್ಚಿಕೊಂಡಳು. ಸುತ್ತಲಿದ್ದ ಹೆಂಗಸರು, ಪಾಪ, ಹೆತ್ತ ತಾಯಿಯ ನೆನಪಾಯಿತು ಎಂದುಕೊಂಡರು. ಅದು ಸುಳ್ಳೂ ಆಗಿರಲಿಲ್ಲ.

ಸೊಸೆಯಾಗಿ ಅವಳು ಒಂದು ಕೊರತೆಯೂ ಬರಲು ಬಿಡಲಿಲ್ಲ. ಅತ್ತೆಯ ಕಾಫಿ, ಗಂಜಿ, ಕಷಾಯ ಎಲ್ಲ ಅವಳ ಕೈಯಿಂದಲೇ. ಸಾರಿನ ಉಪ್ಪು ನೋಡಿ ಅದೇ ಸೌಟಿನಲ್ಲಿ ಅತ್ತೆಗೆ ಬಡಿಸುವಳು, ಅತ್ತೆ ಚಪ್ಪರಿಸುವುದನ್ನು ನಿಂತು ನೋಡುವಳು. ಆ ನೋಟವನ್ನು ಜನ ಭಕ್ತಿಯೆಂದು ತಿಳಿದರು. "ಸೊಸೆ ಎಂದರೆ ಮಿನೇಜಸ್ ಮನೆಯ ಸೊಸೆ," ಎಂದು ಬೇರೆ ಮನೆಯ ಸೊಸೆಯಂದಿರಿಗೆ ಬುದ್ಧಿ ಹೇಳಿದರು. ಪಾಪನಿವೇದನೆಗೆ ಹೋದಾಗ ಅವಳು ಸಿಟ್ಟಿನ ಪಾಪ ಹೇಳಿಕೊಳ್ಳುತ್ತಿದ್ದಳು. ಹೆಸರಿನ ಪಾಪ ಹೇಳುತ್ತಿರಲಿಲ್ಲ.

ಅವಳನ್ನು ಗುರುತು ಹಿಡಿದವಳು ಹಿತ್ತಲಿನ ದೇಯಿ ಒಬ್ಬಳೇ. ದೇಯಿ ಮಡಲು ಹೆಣೆಯುತ್ತಿದ್ದಾಗ ಸೆರಪಿನಾ ಅಲ್ಲೇ ಅಂಗಳದಲ್ಲಿ ಕುಳಿತಿದ್ದಳು. ಮಾತಾಡುತ್ತ ಆಡುತ್ತ ತಾನೂ ಒಂದು ಮಡಲು ಎಳೆದುಕೊಂಡು ಗರಿಗಳನ್ನು ಹೆಣೆಯತೊಡಗಿದಳು. ದೇಯಿಯ ಕೈ ನಿಂತಿತು.

"ಬಾಯಮ್ಮ, ಬೊಂಬಾಯಿಯ ಮಾಳಿಗೆಯಲ್ಲೂ ಮಡಲು ಹೆಣೀತಾರಾ?"

ಸೆರಪಿನಾ ಮಡಲು ಕೆಳಗಿಟ್ಟಳು. ದೇಯಿ ಅದನ್ನೆತ್ತಿ ಹೆಣಿಗೆಯನ್ನು ತಿರುಗಿಸಿ ನೋಡಿದಳು.

"ಇದು ಮೊನ್ನಿಯ ಕೈ," ಎಂದಳು ಮೆಲ್ಲಗೆ. "ಮುಖ ಕಂಡಾಗಲೇ ನನಗೊಂದು ಸಂಶಯ ಇತ್ತು. ನೀನು ಆ ಬೋಳುತಲೆಯ ಹುಡುಗಿ ಅಲ್ವಾ?"

"ಹೇಳ್ತೀಯಾ?"

"ಯಾರಿಗೆ ಹೇಳ್ಲಿ ಮಾರಾಯ್ತಿ? ಆ ಮೆಟ್ಟಿಲು ತೊಳೆದದ್ದು ನಾನು." ದೇಯಿ ಮತ್ತೆ ಮಡಲಿಗೆ ಕೈ ಹಾಕಿದಳು. "ಆದರೆ ಒಂದು ಮಾತು. ಬೆಂಕಿ ಹಿಡ್ಕೊಂಡು ಬಂದವರ ಕೈಯೂ ಸುಡ್ತದೆ."

"ಸುಡಲಿ," ಎಂದಳು ಸೆರಪಿನಾ.

ಮದುವೆಯ ಮೂರನೆಯ ವರ್ಷ ಗಂಡುಮಗು ಹುಟ್ಟಿತು. ಲಿಯೊ ಎಂದು ಹೆಸರಿಟ್ಟರು. ಆಪ್ಲಿನ್ ಬಾಯಿ ಮಗುವನ್ನು ತೊಡೆಯಿಂದ ಇಳಿಸಲಿಲ್ಲ. ಮೂಗು ಅಜ್ಜನದ್ದು, ಹಣೆ ಮುತ್ತಜ್ಜನದ್ದು ಎಂದು ಬಂದವರಿಗೆಲ್ಲ ತೋರಿಸಿದಳು. ಮಗುವಿನ ಕಣ್ಣು ಥೇಟು ಆಗ್ನೆಸಳದ್ದು. ಅದನ್ನು ಕಾಣಬಲ್ಲವರು ಆ ಮನೆಯಲ್ಲಿ ಇಬ್ಬರೇ. ಇಬ್ಬರೂ ಬಾಯಿ ಬಿಡಲಿಲ್ಲ.

ಗುಟ್ಟನ್ನು ಯಾವಾಗ ಹೊರಗೆ ಹಾಕಬೇಕೆಂದು ಸೆರಪಿನಾ ನಿಶ್ಚಯಿಸಿರಲಿಲ್ಲ. ಮಗು ಕೈಯಲ್ಲಿದ್ದಾಗ, ಕಜೆಟನ್ ಶಾಲೆಯಿಂದ ಬಂದು ಅವಳ ಪಕ್ಕ ಕುಳಿತು ಹುಡುಗರ ತಮಾಷೆಗಳನ್ನು ಹೇಳಿ ನಗಿಸುವಾಗ, ಕೆಲವೊಮ್ಮೆ ದಿನಗಟ್ಟಲೆ ಆ ಯೋಚನೆಯೇ ಬರುತ್ತಿರಲಿಲ್ಲ. ಹಾಗೇ ಮರೆತೇಬಿಡುತ್ತಿದ್ದಳೋ ಏನೋ. ಮರೆಯಲು ಬಿಡದವಳು ಆಪ್ಲಿನ್ ಬಾಯಿಯೇ.

ಲಿಯೊನಿಗೆ ಐದು ತುಂಬಿದ ವರ್ಷ, ಸೆಪ್ಟೆಂಬರಿನ ಮೊಂತಿ ಹಬ್ಬ. ಹೊಸ ತೆನೆ ಮನೆಗೆ ತಂದು, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಬಾಳೆಲೆಯಲ್ಲಿ ಸಸ್ಯದ ಊಟ ಮಾಡುವ ದಿನ. ಮೊರಿಸ್ ಹೆಂಡತಿಯ ಜೊತೆ ಘಟ್ಟ ಇಳಿದು ಬಂದಿದ್ದ. ಕುಡಿತದಿಂದ ಮುಖ ಊದಿತ್ತು. ಹಳೆಯ ಗುರ್ಕಾರ ತೀರಿದ ಮೇಲೆ ಬಂದ ವಾಳ್ಯದ ಹೊಸ ಗುರ್ಕಾರನೂ ಊಟಕ್ಕಿದ್ದ. ಕಂಕನಾಡಿಯ ಯಾವುದೋ ಬಾಮಣ್ ಹುಡುಗ ಕೂಲಿಯವರ ಹುಡುಗಿಯನ್ನು ಮದುವೆಯಾಗುತ್ತೇನೆಂದು ಹಟ ಹಿಡಿದ ಸುದ್ದಿಯನ್ನು ಅವನು ತೆಗೆದ.

"ಹೆತ್ತವರಿಗೆ ಗಟ್ಟಿತನ ಬೇಕು," ಎಂದಳು ಆಪ್ಲಿನ್ ಬಾಯಿ. "ನನ್ನ ಮೆಟ್ಟಿಲಿಗೂ ಒಬ್ಬಳು ಬಂದಿದ್ದಳು, ಹೊಟ್ಟೆ ಮುಂದೆ ಮಾಡಿಕೊಂಡು. ನಾನು ಎಂತ ಮಾಡಿದೆ? ಮೆಟ್ಟಿಲು ತೊಳೆಸಿದೆ, ಗುಡಿಸಲು ಕೀಳಿಸಿದೆ. ಅಲ್ಲಿಗೆ ಮುಗೀತು."

ಗುರ್ಕಾರ ನಕ್ಕ. ಮೊರಿಸ್ ತನ್ನ ಎಲೆಯನ್ನೇ ನೋಡುತ್ತಿದ್ದ. ಪಾಯಸ ಬಡಿಸುತ್ತಿದ್ದ ಸೆರಪಿನಾ ಅತ್ತೆಯ ಪಕ್ಕಕ್ಕೆ ಬಂದಳು.

"ಅವಳ ಹೆಸರೆಂತ ಮಾಂಯ್?" ಎಂದು ಕೇಳಿದಳು.

"ಹೆಸರಾ? ಯಾರಿಗೆ ನೆನಪುಂಟು. ರೋಸಿಯೋ, ಕಾರ್ಮಿನೋ, ಎಂತದೋ ಒಂದು." ಮುದುಕಿ ಲೋಟ ಮುಂದೆ ಚಾಚಿದಳು. "ಇನ್ನೊಂದು ಸೌಟು ಹಾಕು ಮಗಾ, ನಿನ್ನ ಪಾಯಸ ಭಾರೀ ಲಾಯ್ಕ ಆಗಿದೆ."

ಮರುದಿನ ಮಧ್ಯಾಹ್ನ ಮೊರಿಸನನ್ನೂ ಹೆಂಡತಿಯನ್ನೂ ಬಸ್ಸು ಹತ್ತಿಸಲು ಕಜೆಟನ್ ಮಗನನ್ನು ಕರೆದುಕೊಂಡು ಹಂಪನಕಟ್ಟೆಗೆ ಹೋದ. ಆಪ್ಲಿನ್ ಬಾಯಿ ಜಗಲಿಯ ಆರಾಮಕುರ್ಚಿಯಲ್ಲಿದ್ದಳು. ಸೆರಪಿನಾ ಗಂಜಿ ತಂದುಕೊಟ್ಟು, ಎಂದಿನಂತೆ ಕುರ್ಚಿ ಎಳೆದುಕೊಳ್ಳದೆ, ಕೆಳಗೆ ಮೆಟ್ಟಿಲ ಮೇಲೆ ಕುಳಿತಳು. ಮುದುಕಿ ಗಂಜಿ ಕುಡಿದು ಮುಗಿಸುವವರೆಗೆ ಕಾದು, ಆಮೇಲೆ ಬಾಯಿ ತೆರೆದಳು. ಬಾಯಿಂದ ಬಂದದ್ದು ಗೋವಾದ ಕೊಂಕಣಿಯಲ್ಲ, ಹಿತ್ತಲಿನ ಆಳುಗಳ ಒರಟು ಕೊಂಕಣಿ.

"ಗಂಜಿ ಸಾಕಾಯ್ತಾ ಬಾಯಮ್ಮ?"

ಆಪ್ಲಿನ್ ಬಾಯಿ ಮುಖ ಸಿಂಡರಿಸಿದಳು. "ಎಂತ ಮಾತು ಇದು? ಎಲ್ಲಿ ಕಲಿತೆ?"

"ಬಿಜೈಯಲ್ಲಿ. ನಿಮ್ಮದೇ ಗದ್ದೆಯ ಬದಿಯಲ್ಲಿ. ನನ್ನ ಅಪ್ಪ ಬಾವಿ ತೋಡುವ ಆಂಬ್ರೋಸ್. ಅಮ್ಮ ಮೊನ್ನಿ, ನಿಮ್ಮ ಹಟ್ಟಿ ಗುಡಿಸ್ತಾ ಇದ್ದವಳು. ನಿನ್ನೆ ನಿಮಗೆ ಹೆಸರು ನೆನಪಾಗ್ಲಿಲ್ಲ. ಅವಳು ಆಗ್ನೆಸ್. ನನ್ನ ಅಕ್ಕ."

ಮುದುಕಿ ನಗಲು ನೋಡಿದಳು. ಬಾಯಿ ಅರ್ಧ ತೆರೆದು ನಿಂತಿತು. ಸೊಸೆಯ ಮುಖವನ್ನು, ಏಳು ವರ್ಷ ನೋಡಿದ್ದ ಮುಖವನ್ನು, ಮೊದಲ ಸಲ ಕಂಡವಳಂತೆ ಹುಡುಕಿದಳು. ಅಲ್ಲಿ ಏನೋ ಕಂಡಿರಬೇಕು. ಗಂಜಿಯ ಬಟ್ಟಲು ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು.

"ಗೋವಾದ ಬೆನಿಟಾ ಬೊಂಬಾಯಿಯಲ್ಲಿ ಸತ್ತು ಎಷ್ಟೋ ಕಾಲ ಆಯ್ತು. ನಾನು ಸೆರಪಿನಾ. ನೀವು ತೆಂಗಿನಹಾಲು ಹಚ್ಚಿದ್ದು ನನ್ನ ಕಾಲಿಗೆ. ಇಷ್ಟು ವರ್ಷ ತಿಂದದ್ದು ನನ್ನ ಎಂಜಲು ಸೌಟಿನ ಅನ್ನ. ತೊಡೆಯಲ್ಲಿ ಕೂರಿಸಿ ಹಣೆ, ಮೂಗು ತೋರಿಸ್ತೀರಲ್ಲ, ಆ ಹುಡುಗ ಮೊನ್ನಿಯ ಮೊಮ್ಮಗ. ನಿಮ್ಮ ರಕ್ತ ನಮ್ಮ ಹೊಟ್ಟೆಯಲ್ಲಿ ಹುಟ್ಟುವುದಿಲ್ಲ ಅಂದಿದ್ರಿ. ಹುಟ್ಟಿದೆ ನೋಡಿ."

"ಕಜೆಟನ್ ಬರಲಿ," ಎಂದಳು ಆಪ್ಲಿನ್ ಬಾಯಿ. ಕುರ್ಚಿಯ ತೋಳು ಹಿಡಿದು ಏಳಲು ನೋಡಿದಳು. "ಈಗಲೇ ಹೇಳ್ತೇನೆ. ನಿನ್ನನ್ನು ಈ ಬಾಗಿಲಿನಿಂದ..."

"ಹೇಳಿ. ನಾನು ಇಲ್ಲ ಅನ್ನುವುದಿಲ್ಲ. ಹುಡುಗನ ಕೈ ಹಿಡಿದುಕೊಂಡು ಹೊರಗೆ ಹೋಗ್ತೇನೆ. ಆದರೆ ಬಿಜೈಗಲ್ಲ. ಭಾನುವಾರದ ಪೂಜೆ ಬಿಡುವಾಗ ಇಗರ್ಜಿಯ ಎದುರಲ್ಲಿ ನಿಂತು ಎಲ್ಲ ಹೇಳ್ತೇನೆ, ಮೊರಿಸ್ ಧಣಿ ಮಾಡಿದ್ದೂ ಸೇರಿಸಿ. ಆಮೇಲೆ ನಿಮ್ಮ ಮನೆಗೆ ಯಾರು ಹೆಣ್ಣು ಕೊಡ್ತಾರೆ, ಯಾರು ಊಟಕ್ಕೆ ಬರ್ತಾರೆ ನೋಡುವ. ನಿಮಗೆ ಇರುವುದು ಒಬ್ಬನೇ ಮೊಮ್ಮಗ, ಬಾಯಮ್ಮ."

ಗೇಟಿನ ಹತ್ತಿರ ಲಿಯೊನ ಸ್ವರ ಕೇಳಿಸಿತು. ಹುಡುಗ ಓಡಿಬಂದು ಅಜ್ಜಿಯ ತೊಡೆ ಹತ್ತಿದ. ಆಪ್ಲಿನ್ ಬಾಯಿಯ ಕೈಗಳು ಗಾಳಿಯಲ್ಲೇ ನಿಂತವು. ಸೆರಪಿನಾ ನೋಡುತ್ತಿದ್ದಳು. ಕೊನೆಗೆ ಆ ಕೈಗಳು ಇಳಿದು ಹುಡುಗನ ಬೆನ್ನ ಮೇಲೆ ಕುಳಿತವು.

"ಎಂತ ಮಾಂಯ್, ಬಟ್ಟಲು ಬಿತ್ತಾ?" ಎಂದು ಕೇಳಿದ ಕಜೆಟನ್.

"ಕೈ ಜಾರಿತು," ಎಂದಳು ತಾಯಿ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಮುಚ್ಚಿಡುವ ಕೆಲಸ ಆಪ್ಲಿನ್ ಬಾಯಿಯದಾಯಿತು. ಸೊಸೆ ಬಡಿಸಿದ್ದನ್ನು ಮಗನ ಕಣ್ಣೆದುರು ನುಂಗಬೇಕು. ಬಂದವರು ಗೋವಾದ ಸೊಸೆಯ ನಯವಿನಯ ಹೊಗಳಿದರೆ ಹೌದೆನ್ನಬೇಕು. ಯಾರಾದರೂ ಸಾಷ್ಟಿಯ ಕಡೆಯವರು ಮನೆಗೆ ಬಂದರೆ ಮೊದಲು ಬೆವರುವವಳು ಅವಳು. "ಸೊಸೆಗೆ ಮೈ ಹುಷಾರಿಲ್ಲ, ಮಾತಾಡಿಸ್ಬೇಡಿ," ಎಂದು ತಾನೇ ಅಡ್ಡ ನಿಲ್ಲುವಳು. ಒಳಗಿನಿಂದ ಸೆರಪಿನಾ ಅದನ್ನು ಕೇಳಿಸಿಕೊಳ್ಳುವಳು. ಅಷ್ಟು ವರ್ಷ ತಾನು ತಿಂದ ಭಯವನ್ನು ಈಗ ಇನ್ನೊಬ್ಬಳು ತಿನ್ನುತ್ತಿದ್ದಳು. ಅದರ ರುಚಿ ಅವಳಿಗೆ ಹಿಡಿಸಿತು.

ಅವಳು ಕೇಳಿದ್ದು ಎರಡೇ. ಮೊದಲನೆಯದು, ವರ್ಷಕ್ಕೊಮ್ಮೆ ಆಗ್ನೆಸಳ ಆತ್ಮಕ್ಕೆ ಮಿನೇಜಸ್ ಮನೆಯ ಹೆಸರಲ್ಲಿ ಪೂಜೆ. ಪೀಠದಿಂದ ಆಗ್ನೆಸ್ ಎಂದು ಓದಿದ ದಿನ ಆಪ್ಲಿನ್ ಬಾಯಿ ಮುಂದಿನ ಬೆಂಚಿನಲ್ಲಿ ಮೊಣಕಾಲೂರಿದ್ದಳು. ಹೊರಗೆ ಬಂದಾಗ ಗುರ್ಕಾರ ಕೇಳಿಯೇ ಬಿಟ್ಟ.

"ಆಗ್ನೆಸ್ ಅಂದರೆ ಯಾರು ಬಾಯಿ? ನಾನು ಕೇಳಿದ ಹಾಗಿಲ್ಲ."

ಸೊಸೆ ಪಕ್ಕದಲ್ಲೇ ಇದ್ದಳು. ಮುದುಕಿ ಮುಸುಕು ಸರಿಮಾಡಿಕೊಂಡಳು. "ನಮ್ಮ ಸಂಬಂಧದವಳು," ಎಂದಳು.

ಮರುವರ್ಷದ ಪೂಜೆಗೆ ಮೊರಿಸನೂ ಇದ್ದ. ಹೆಸರು ಕೇಳಿದವನೇ ತಲೆಯೆತ್ತಿದ. ತಾಯಿಯನ್ನು ನೋಡಿದ, ತಮ್ಮನ ಹೆಂಡತಿಯನ್ನು ನೋಡಿದ, ಅರ್ಧ ಪೂಜೆಯಲ್ಲೇ ಎದ್ದು ಹೊರಗೆ ಹೋದ. ಮನೆಯಲ್ಲಿ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತ, ಒಳಗೆ ಬರಲಿಲ್ಲ.

"ಅವಳನ್ನು ಎಲ್ಲಿ ಮಣ್ಣು ಮಾಡಿದ್ದು?" ಎಂದು ಕೇಳಿದ. ಇವಳು ಯಾರೆಂದು ಕೇಳಲಿಲ್ಲ. ಕೇಳುವ ಅಗತ್ಯ ಅವನಿಗೆ ಉಳಿದಿರಲಿಲ್ಲ.

ಸೆರಪಿನಾ ಮೀನು ಹೆಚ್ಚುತ್ತಿದ್ದಳು. "ಹುಡುಕಿ," ಎಂದಳು.

ಅವನು ಹುಡುಕಿದ. ಬಿಸಿಲಲ್ಲಿ ತಲೆಗೆ ಟೊಪ್ಪಿಯೂ ಇಲ್ಲದೆ ಗೋರಿಗಳ ನಡುವೆ ಅಲೆಯುವ ಮಿನೇಜಸ್‌ನವರ ಹಿರಿಮಗನನ್ನು ಜನ ನೋಡಿದರು. ಕುಡಿದಿದ್ದಾನೆ ಎಂದರು. ಆ ದಿನ ಅವನು ಕುಡಿದಿರಲಿಲ್ಲ. ಗೇರುಮರ ಕಡಿದು ಕಾಲವಾಗಿತ್ತು, ಸಿಗುವುದು ಹೇಗೆ? ಮತ್ತೆ ಘಟ್ಟ ಹತ್ತಿದವನು ತಾಯಿಯ ಮನೆಗೆ ಬರಲಿಲ್ಲ. ಆಪ್ಲಿನ್ ಬಾಯಿ ಪ್ರತಿ ಹಬ್ಬಕ್ಕೂ ಗೇಟಿನ ಕಡೆ ನೋಡುವುದನ್ನು ಸೆರಪಿನಾ ಕಂಡಳು. ಮರುಕ ಬರುತ್ತದೋ ಎಂದು ತನ್ನನ್ನೇ ಕಾದು ನೋಡಿದಳು. ಬರಲಿಲ್ಲ.

ಎರಡನೆಯದನ್ನು ಕೇಳುವಷ್ಟರಲ್ಲಿ ಯುರೋಪಿನಲ್ಲಿ ಮತ್ತೆ ಯುದ್ಧ ಹತ್ತಿತ್ತು, ಮುದುಕಿ ಹಾಸಿಗೆ ಹಿಡಿದಿದ್ದಳು. ಆಗ್ನೆಸಳ ಗೋರಿಗೆ ಕಲ್ಲಿನ ಶಿಲುಬೆ ಇಡಬೇಕು, ಅದನ್ನು ಮುದುಕಿಯೇ ಬಾಯಿಬಿಟ್ಟು ಮಗನಿಗೆ ಹೇಳಬೇಕು. ಜಾಗ ತೋರಿಸಿದವಳು ದೇಯಿ. ಕಜೆಟನ್ ತಾಯಿಯ ಮಾತಿಗೆ ಎದುರು ಕೇಳುವವನಲ್ಲ. ದೂರದ ಯಾವುದೋ ನೆಂಟಳಿರಬೇಕು ಎಂದುಕೊಂಡ.

"ಕಲ್ಲಿನ ಮೇಲೆ ಎಂತ ಕೆತ್ತಿಸುವುದು ಮಾಂಯ್? ಆಗ್ನೆಸ್, ಮುಂದೆ?"

ಆಪ್ಲಿನ್ ಬಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು. ಸೆರಪಿನಾ ಮಂಚದ ಕಾಲುಗಡೆ ನಿಂತಿದ್ದಳು, ಅಲುಗಲಿಲ್ಲ.

"ಮಿನೇಜಸ್," ಎಂದಳು ಮುದುಕಿ.

ಕೊನೆಯ ದಿನಗಳಲ್ಲಿ ಅವಳು ಸೊಸೆಯ ಹೊರತು ಬೇರೆ ಯಾರನ್ನೂ ಹತ್ತಿರ ಸೇರಿಸಲಿಲ್ಲ. ಜ್ವರದಲ್ಲಿ ಬಾಯಿತಪ್ಪಿ ಏನಾದರೂ ಆಡಿಬಿಟ್ಟೇನೆಂಬ ಹೆದರಿಕೆ. ಒಂದು ಬೆಳಿಗ್ಗೆ ಕಣ್ಣು ತೆರೆದು, "ಸೆರಪಿನಾ," ಎಂದು ಕರೆದಳು. ಎಷ್ಟೋ ವರ್ಷಗಳಿಂದ ಯಾರ ಬಾಯಲ್ಲೂ ಆ ಹೆಸರು ಬಂದಿರಲಿಲ್ಲ. ಸೆರಪಿನಾ ಮಂಚದ ಹತ್ತಿರ ಬಗ್ಗಿದಳು.

"ನೀರು," ಎಂದಳು ಮುದುಕಿ. ಕುಡಿದು, ಉಸಿರು ತೆಗೆದುಕೊಂಡು, "ನನ್ನನ್ನು ಕ್ಷಮಿಸಿದೆ ಅಂತ ಹೇಳು. ಪಾದ್ರಿ ಹೇಳಿದರೆ ಸಾಲುವುದಿಲ್ಲ ನನಗೆ. ನೀನು ಹೇಳು."

ಸೆರಪಿನಾ ಅವಳ ಗಲ್ಲದ ಮೇಲಿಳಿದ ನೀರನ್ನು ಸೆರಗಿನಿಂದ ಒರೆಸಿದಳು, ದಿಂಬು ಸರಿ ಮಾಡಿದಳು. "ನನಗೆ ಬರುವುದಿಲ್ಲ ಬಾಯಮ್ಮ," ಎಂದಳು. ಅದು ನಿಜವಾದ ಮಾತಾಗಿತ್ತು. ಪ್ರಯತ್ನಿಸಿದ್ದಳು, ಬಂದಿರಲಿಲ್ಲ. ಆ ಸಂಜೆ ದೀಪ ಹಚ್ಚುವ ಮೊದಲೇ ಆಪ್ಲಿನ್ ಬಾಯಿ ತೀರಿಹೋದಳು.

ಮಣ್ಣು ಮಾಡಿ ಬಂದ ಜನ ಜಗಲಿ ತುಂಬ ಕುಳಿತಿದ್ದರು. ಕಜೆಟನ್ ತಾಯಿಯ ಬೀಗದ ಕೈಗೊಂಚಲನ್ನು ತಂದು ಹೆಂಡತಿಯ ಕೈಯಲ್ಲಿಟ್ಟು, ಹೊರಗೆ ಹೋದ. ಹಿತ್ತಲಿನ ಬಾಗಿಲಲ್ಲಿ ದೇಯಿ ಕೋಲೂರಿ ನಿಂತಿದ್ದಳು. ಅವಳಿಗೂ ವಯಸ್ಸಾಗಿ ಸೊಂಟ ಬಗ್ಗಿತ್ತು.

"ಇನ್ನಾದರೂ ಗಂಡನಿಗೆ ಹೇಳ್ತೀಯಾ?" ಎಂದು ಕೇಳಿದಳು.

"ಇಲ್ಲ. ಹುಡುಗನ ಓದು ಉಂಟು, ಮುಂದೆ ಮದುವೆ ಉಂಟು."

"ಹಾಗಾದರೆ ಸಾಯುವವರೆಗೆ ನೀನು ಆ ಸತ್ತ ಹುಡುಗಿಯ ಹೆಸರಲ್ಲೇ ಇರ್ಬೇಕಲ್ಲ. ನಿನ್ನನ್ನು ನಿನ್ನ ಹೆಸರಲ್ಲಿ ಕರೆಯುವವಳು ಒಬ್ಬಳಿದ್ದಳು, ಅವಳೂ ಹೋದಳು. ನೀನು ಗೆದ್ದದ್ದು ಎಂತ, ಮಗಾ?"

ಸೆರಪಿನಾ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದು ಭಾರವಿತ್ತು.

"ನನ್ನ ಅಕ್ಕ ಆ ಕೊಟ್ಟಿಗೆಯಲ್ಲಿ ಹೆದರಿ ಹೆದರಿ ಸತ್ತಳು," ಎಂದಳು. "ಇವಳೂ ಹಾಗೇ ಸತ್ತಳು. ನನಗೆ ಅಷ್ಟು ಸಾಕು."

ಜಗಲಿಯಿಂದ ಯಾರೋ ಬೆನಿಟಾ ಬಾಯಿ ಎಂದು ಕೂಗಿದರು. ದೂರದಿಂದ ಬಂದವರು ಬೆಳಗಿನಿಂದ ಹಸಿದಿದ್ದರು. ಅವಳು ಮುಖ ತೊಳೆದುಕೊಂಡು, ಗಂಜಿಯ ಹಂಡೆ ಎತ್ತಲು ಆಳುಗಳಿಗೆ ಹೇಳಿ, ಬಡಿಸಲು ಹೊರಗೆ ಹೋದಳು.